ದೋನ್ಯಾ ಸೆರಾಪಿಯಾಗೆ ಹೇಳಬೇಕಾಗಿದ್ದ ಒಂದು ಮಾತು

ಎರಡು ದಿನದ ತರಬೇತಿ ಮುಗಿಸಿ ಬಂದ ಮೇಲೆ ಒಂದು ವಾರ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಡೆಲ್ಫೀನ್ ಗರೇಕಾನಿಗೆ ಈ ಗತಿ ಬರುತ್ತಿರಲಿಲ್ಲ. ಆದರೆ ಅವನಿಗೆ ಸರ್ಟಿಫಿಕೇಟ್ ಕೊಟ್ಟಿದ್ದರು. ಅದಕ್ಕೆ ಚಿನ್ನದ ಬಣ್ಣದ ಅಂಚು ಬೇರೆ ಇತ್ತು. ಅಂಥದ್ದೊಂದನ್ನು ಗೋಡೆಗೆ ಹೊಡೆದುಕೊಂಡು ಸುಮ್ಮನೆ ಕೂರುವುದು ಎಂಥ ವಿರಕ್ತನಿಗೂ ಆಗದ ಕೆಲಸ. ಡೆಲ್ಫೀನನಂತೂ ವಿರಕ್ತನಲ್ಲ, ಅರ್ಜೆಂಟೀನಾ ಗಡಿಗೆ ಹತ್ತಿರದ ತರೀಹಾ ಊರಿನ ಒಂದು ರೊಸ್ಕೇತೆ ಕಾರ್ಖಾನೆಯಲ್ಲಿ ನಾಲ್ಕು ತಿಂಗಳ ಹಿಂದೆ ಬಡ್ತಿ ಸಿಕ್ಕಿದ್ದ ಮೇಲ್ವಿಚಾರಕ. ಅದಕ್ಕೆ ಮುಂಚೆ ಅದೇ ಕಾರ್ಖಾನೆಯಲ್ಲಿ ಹಿಟ್ಟಿನ ಮೂಟೆ ಹೊರುತ್ತಿದ್ದ. ರೊಸ್ಕೇತೆ ಎಂದರೆ ಬಳೆಯಾಕಾರದ, ಬಿಳಿ ಸಕ್ಕರೆ ಪಾಕ ಹೊದ್ದ ತಿಂಡಿ. ಅದನ್ನು ಮಾಡುವ ಹದಿನಾಲ್ಕು ಹೆಂಗಸರು ಅವನ ಕೈಕೆಳಗಿದ್ದರು. ಹಾಗೆಂದು ಅವನ ನೇಮಕಾತಿ ಪತ್ರದಲ್ಲಿ ಬರೆದಿತ್ತು. ಹೆಂಗಸರಿಗೆ ಆ ಪತ್ರವನ್ನು ಯಾರೂ ತೋರಿಸಿರಲಿಲ್ಲ.

ತರಬೇತಿಯ ವಿಷಯ, ‘ಕೈಕೆಳಗಿನವರ ಜೊತೆ ಕಷ್ಟದ ಮಾತನ್ನು ಆಡುವುದು ಹೇಗೆ’. ರಾಜಧಾನಿ ಲಾ ಪಾಸ್‌ನಿಂದ ಬಂದಿದ್ದ ಉಪನ್ಯಾಸಕ ಎರಡು ದಿನವೂ ನಗು ಮಾಸದಂತೆ ನಿಂತು ಹೇಳಿಕೊಟ್ಟಿದ್ದು ಇಷ್ಟು: ಮೊದಲು ಒಂದು ಸಿಹಿ ಮಾತು, ಮಧ್ಯದಲ್ಲಿ ಕಹಿ ಮಾತು, ಕೊನೆಗೆ ಮತ್ತೆ ಸಿಹಿ. ಹೀಗೆ ಮಾಡಿದರೆ ಕೇಳಿಸಿಕೊಂಡವರು ಕೈಕುಲುಕಿ ಹೋಗುತ್ತಾರೆ. ಡೆಲ್ಫೀನ್ ಇದನ್ನು ಒಂದು ನೀಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಊರಿಗೆ ಬಂದವನೇ ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ನಾದಿನಿಯ ಮನೆಯ ಊಟದ ಮೇಜಿನಲ್ಲಿ ಎಲ್ಲ ಕಡೆಯೂ ಹೇಳಿದ, "ಇನ್ನು ನನಗೆ ಯಾವ ಮಾತೂ ಕಷ್ಟ ಅಲ್ಲ." ಈ ಸುದ್ದಿ ಬುಧವಾರದ ಹೊತ್ತಿಗೆ ಕಾರ್ಖಾನೆಯ ಯಜಮಾನ ದೋನ್ ಅಬ್ದೋನರ ಕಿವಿಗೂ ಬಿತ್ತು. ಅಲ್ಲಿ ಮರ್ಯಾದೆಗೆ ಗಂಡಸರನ್ನು ದೋನ್ ಎಂದೂ ಹೆಂಗಸರನ್ನು ದೋನ್ಯಾ ಎಂದೂ ಕರೆಯುತ್ತಾರೆ.

ದೋನ್ ಅಬ್ದೋನ್ ಅವನನ್ನು ಮಹಡಿಯ ಮೇಲಿನ ಕಚೇರಿಗೆ ಕರೆಸಿದರು. ಮಾತಾಡುವಾಗ ಡೆಲ್ಫೀನನ ಮುಖ ನೋಡದೆ ಕಿಟಕಿಯಾಚೆ ನೋಡುತ್ತಿದ್ದರು.

"ಸೆರಾಪಿಯಾನ ರೋಲರ್ ಮಿಷನ್ನಿಂದ ಇಳಿಸಬೇಕು ಡೆಲ್ಫೀನ್. ಆಕೆ ಕಣ್ಣು ಹೋಗ್ತಾ ಇದೆ. ಇವತ್ತಲ್ಲ ನಾಳೆ ಕೈ ಸಿಕ್ಕಿಸ್ಕೋತಾಳೆ. ನೀನು ಹೇಳು."

"ನೀವೇ ಹೇಳಿದ್ರೆ ಚೆನ್ನಾಗಿತ್ತು ದೋನ್ ಅಬ್ದೋನ್. ಆಯಮ್ಮ ನಿಮ್ಮನ್ನ ಚಿಕ್ಕಂದಿನಿಂದ ನೋಡಿದ್ದಾರೆ."

"ನನಗೆ ಬ್ಯಾಂಕಿನಲ್ಲಿ ಕೆಲಸ ಇದೆ."

"ಯಾವತ್ತು?"

"ನೀನು ಯಾವತ್ತು ಹೇಳ್ತೀಯೋ ಅವತ್ತು." ದೋನ್ ಅಬ್ದೋನ್ ಕಿಟಕಿಯ ಕಡೆಯಿಂದ ತಿರುಗಲೇ ಇಲ್ಲ. "ಶುಕ್ರವಾರ ಮಧ್ಯಾಹ್ನದೊಳಗೆ ಇಳಿಸಿರಬೇಕು. ಇಲ್ಲದಿದ್ರೆ ನೀನು ವಾಪಸ್ಸು ಮೂಟೆ ಹೊರೋಕೆ ಹೋಗು. ಸರ್ಟಿಫಿಕೇಟ್ ಇಟ್ಕೊಂಡಿದ್ದೀಯಂತಲ್ಲ, ಊರೆಲ್ಲ ಹೇಳ್ತಿದೆ!"

ದೋನ್ಯಾ ಸೆರಾಪಿಯಾ ತೊಲಾಬಾ ಎಂದರೆ ಯಾರು ಎಂಬುದನ್ನು ಇಲ್ಲಿ ಹೇಳದಿದ್ದರೆ ಡೆಲ್ಫೀನನನ್ನು ಹೇಡಿ ಎಂದು ಓದುಗರು ಸುಲಭವಾಗಿ ತೀರ್ಮಾನಿಸಿಬಿಡುತ್ತಾರೆ. ಆಕೆಗೆ ಅರವತ್ತೊಂದು ವರ್ಷ. ಹರೆಯದಲ್ಲಿ ದೋನ್ ಅಬ್ದೋನರ ಅಪ್ಪನ ಮನೆಗೆಲಸಕ್ಕಿದ್ದರು. ಇಪ್ಪತ್ತಾರು ವರ್ಷದಿಂದ ಅದೇ ರೋಲರ್ ಮುಂದೆ ನಿಂತು, ಎರಡು ಕಬ್ಬಿಣದ ಉರುಳೆಗಳ ಮಧ್ಯೆ ಹಿಟ್ಟು ತಳ್ಳಿ ಹಾಳೆ ಮಾಡುತ್ತಿದ್ದರು. ಐವತ್ತು ಕಿಲೋ ಮೂಟೆಯನ್ನು ಯಾರ ಸಹಾಯವೂ ಇಲ್ಲದೆ ಎತ್ತುತ್ತಿದ್ದರು. ಆಕೆಯ ಕಾಲದಲ್ಲಿ ಮೂವರು ಮೇಲ್ವಿಚಾರಕರು ಕೆಲಸ ಬಿಟ್ಟಿದ್ದರು. ಒಬ್ಬನಿಗೆ ತಟ್ಟೆಯಲ್ಲಿ ಏಟು ಬಿದ್ದಿತ್ತು. ಇನ್ನೊಬ್ಬನ ಬೂಟಿನೊಳಗೆ ಸಕ್ಕರೆ ಪಾಕ ಬಿದ್ದಿತ್ತು. ಮೂರನೆಯವನಿಗೆ ಬಿದ್ದಿದ್ದು ಬರೀ ಬೈಗುಳ, ಆದರೆ ಗಡಿ ದಾಟಿ ಅರ್ಜೆಂಟೀನಾಕ್ಕೆ ಹೋದವನು ಅವನೊಬ್ಬನೇ.

ಡೆಲ್ಫೀನನಿಗೆ ಆಕೆಯ ಭಯ ಒಂದಾದರೆ ಆ ಮಿಷನ್ನಿನ ಭಯ ಇನ್ನೊಂದು. ಸೋಮವಾರ ಅವನು ಪಕ್ಕದಲ್ಲೇ ನಿಂತಿದ್ದಾಗ ‘ಟಕ್’ ಎಂದು ಸಣ್ಣ ಸದ್ದಾಯಿತು. ದೋನ್ಯಾ ಸೆರಾಪಿಯಾ ಕೈ ಹಿಂದಕ್ಕೆ ಎಳೆದುಕೊಂಡು, ಹಿಟ್ಟಿನಲ್ಲಿ ತಡಕಾಡಿ, ಏನನ್ನೋ ಎತ್ತಿ ಏಪ್ರನ್ ಜೇಬಿಗೆ ಹಾಕಿಕೊಂಡರು. ಅದು ಅರ್ಧ ಉಗುರು. ಮತ್ತೆ ಏನೂ ಆಗದವರ ಹಾಗೆ ಹಿಟ್ಟು ತಳ್ಳತೊಡಗಿದರು. ಅವರ ಬೆರಳುಗಳು ಉರುಳೆಯ ಹತ್ತಿರ ಹೋಗಿ, ಒಂದು ಗೋಧಿ ಕಾಳಿನಷ್ಟು ಜಾಗ ಬಿಟ್ಟು ನಿಲ್ಲುತ್ತಿದ್ದವು. ಅಂದಿನಿಂದ ಡೆಲ್ಫೀನನಿಗೆ ಊಟ ಸೇರುತ್ತಿರಲಿಲ್ಲ.

ಆ ಸಂಜೆ ಮನೆಯಲ್ಲಿ ಹೆಂಡತಿ ನಿಯೇವೆಸ್ ಜೋಳದ ತೆನೆ ಸುಲಿಯುತ್ತಿದ್ದಳು. ಡೆಲ್ಫೀನ್ ನೀಲಿ ನೋಟ್‌ಬುಕ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ನಿಯೇವೆಸ್, ಒಂದು ಉಪಕಾರ ಮಾಡು. ನೀನು ದೋನ್ಯಾ ಸೆರಾಪಿಯಾ ಅಂದ್ಕೋ."

"ಅಂದ್ಕೊಂಡೆ," ಎಂದು ಆಕೆ ಎದ್ದು ನಿಂತು ಎರಡೂ ಕೈ ಸೊಂಟದ ಮೇಲಿಟ್ಟಳು.

ಡೆಲ್ಫೀನ್ ಎರಡು ಹೆಜ್ಜೆ ಹಿಂದೆ ಹೋದ.

"ಯಾಕೆ ಹಿಂದೆ ಹೋಗ್ತೀಯ? ನಾನು ಕಣೋ, ನಿನ್ನ ಹೆಂಡ್ತಿ."

"ಕೈ ಕೆಳಗಿಳಿಸು, ಥೇಟ್ ಆಯಮ್ಮನ ಹಾಗೇ ಇದ್ದೀಯ. ಹಾಂ. ದೋನ್ಯಾ ಸೆರಾಪಿಯಾ, ನಿಮ್ಮ ಕೈಯ ರೊಸ್ಕೇತೆ ಬಹಳ ಚೆನ್ನಾಗಿರುತ್ತೆ."

"ಸರಿ. ಆಮೇಲೆ?"

"ಬಹಳ... ಬಹಳ ಚೆನ್ನಾಗಿರುತ್ತೆ."

"ಕಹಿ ಎಲ್ಲಪ್ಪಾ?"

"ಬರ್ತಾ ಇದೆ."

ನಿಯೇವೆಸ್ ಕಾದಳು. ಒಲೆಯ ಮೇಲಿನ ನೀರು ಕುದಿಯಿತು. ಕಹಿ ಬರಲಿಲ್ಲ. ಡೆಲ್ಫೀನ್ ಹಣೆ ಒರೆಸಿಕೊಂಡು, "ನಿಮ್ಮ ರೊಸ್ಕೇತೆ ನಿಜವಾಗ್ಲೂ ಚೆನ್ನಾಗಿರುತ್ತೆ," ಎಂದು ಹೇಳಿ ಹೊರಗೆ ಹೋಗಿಬಿಟ್ಟ.

"ನಾಳೆ ಆಕೆ ಮುಂದೆ ಹೀಗೇ ನಿಂತ್ರೆ," ಎಂದು ನಿಯೇವೆಸ್ ಒಳಗಿನಿಂದ ಕೂಗಿದಳು, "ಆಯಮ್ಮ ಸಂಬಳ ಜಾಸ್ತಿ ಕೇಳ್ತಾಳೆ ನೋಡ್ತಿರು!"

ಅಂಗಳದಲ್ಲಿ ಕೂತಿದ್ದಾಗ ಡೆಲ್ಫೀನನಿಗೆ ಹೊಳೆಯಿತು. ಮಾರನೆಯ ದಿನ ಕಾರ್ನಿವಾಲಿಗೆ ಮುಂಚಿನ ಗುರುವಾರ, ಕೊಮಾದ್ರೆಗಳ ಹಬ್ಬ. ಅಂದು ತರೀಹಾದಲ್ಲಿ ಬೇಕಾದವರಿಗೆ ಬುಟ್ಟಿ ಕೊಡುತ್ತಾರೆ. ಚೀಸ್, ದ್ರಾಕ್ಷಿ, ಪೀಚ್ ಹಣ್ಣು, ಬ್ರೆಡ್ಡು, ನಡುವೆ ಕಾಮಕಸ್ತೂರಿ ಗೊಂಚಲು, ಸುತ್ತಲೂ ಬಣ್ಣದ ಕಾಗದದ ಸುರುಳಿ. ಊರಿನಲ್ಲಿ ಇದಕ್ಕಿಂತ ಸಿಹಿಯಾದದ್ದು ಇನ್ನೊಂದಿಲ್ಲ. ಉಪನ್ಯಾಸಕ ಹೇಳಿದ ಮೊದಲ ಸಿಹಿಯನ್ನು ಬಾಯಿ ಮಾತಿನಲ್ಲಿ ಕೊಡುವ ಬದಲು ಬುಟ್ಟಿಯಲ್ಲಿ ಕೊಟ್ಟರೆ, ಹಿಂದೆಯೇ ಕಹಿ ತಾನಾಗಿ ಇಳಿದುಹೋಗುತ್ತದೆ ಎಂದು ಅವನು ಲೆಕ್ಕ ಹಾಕಿದ.

ಬುಟ್ಟಿ ತೆಗೆದುಕೊಂಡ ಹೆಂಗಸು ಕೊಟ್ಟವನಿಗೆ ಸಾಯುವ ತನಕ ಕೊಮಾದ್ರೆ ಆಗುತ್ತಾಳೆ, ಅವನು ಆಕೆಗೆ ಕೊಂಪಾದ್ರೆ ಆಗುತ್ತಾನೆ. ಒಡಹುಟ್ಟಿದವರಿಗಿಂತ ಗಟ್ಟಿಯಾದ ನಂಟು ಅದು. ಆಮೇಲೆ ಇಬ್ಬರ ನಡುವೆ ಒಂದು ಬಿರುಸು ಮಾತು ಬಂದರೂ ಇಡೀ ಬೀದಿ ಮುಖ ತಿರುಗಿಸುತ್ತದೆ. ತರೀಹಾದಲ್ಲಿ ಹುಟ್ಟಿದ ಮಗುವಿಗೂ ಇದು ಗೊತ್ತು, ಡೆಲ್ಫೀನನಿಗೂ ಗೊತ್ತಿತ್ತು. ಆದರೆ ಹೆದರಿದ ಮನುಷ್ಯ ಮೊದಲು ಮರೆಯುವುದು ತನಗೆ ಚೆನ್ನಾಗಿ ಗೊತ್ತಿರುವುದನ್ನೇ.

ಗುರುವಾರ ಬೆಳಿಗ್ಗೆ ಅವನು ಮಾರುಕಟ್ಟೆಯಲ್ಲಿ ಸಿಕ್ಕಿದ್ದರಲ್ಲಿ ದೊಡ್ಡ ಬುಟ್ಟಿ ಕೊಂಡು, ಅದಕ್ಕೆ ಎರಡು ಬಲೂನು ಕಟ್ಟಿಸಿ, ಎದೆಗೆ ಅವಚಿಕೊಂಡು ಕಾರ್ಖಾನೆಗೆ ಬಂದ. ಗೇಟಿನ ಕಾವಲುಗಾರ ತೊರೀಬಿಯೊ ಕುರ್ಚಿಯಿಂದ ಎದ್ದು ನಿಂತ.

"ಯಾರಿಗೆ, ದೋನ್ ಡೆಲ್ಫೀನ್?"

"ಕೆಲಸದ ವಿಷಯ."

"ಬಲೂನು ಕಟ್ಟಿರೋ ಕೆಲಸದ ವಿಷಯವಾ!"

ಡೆಲ್ಫೀನ್ ಉತ್ತರ ಕೊಡದೆ ಒಳಗೆ ಹೋದ. ರೋಲರಿನ ಸದ್ದು ಹತ್ತಿರವಾದ ಹಾಗೆಲ್ಲ ಬುಟ್ಟಿಯೊಳಗಿನ ದ್ರಾಕ್ಷಿ ಅಲ್ಲಾಡುತ್ತಿತ್ತು. ದೋನ್ಯಾ ಸೆರಾಪಿಯಾ ಮಿಷನ್ ನಿಲ್ಲಿಸಿದರು. ಹದಿಮೂರು ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಿದರು. ಡೆಲ್ಫೀನ್ ಬುಟ್ಟಿ ಮುಂದೆ ಚಾಚಿದ.

"ಇದು ನಿಮಗೆ. ಇದಾದ ಮೇಲೆ ನಾನೊಂದು ಮಾತು..."

ದೋನ್ಯಾ ಸೆರಾಪಿಯಾ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಬುಟ್ಟಿಯ ಅಂಚನ್ನು ಮುಟ್ಟಿದರು. ಚೀಸ್ ಮೇಲೆ ಕೈಯಾಡಿಸಿದರು. ಕಾಮಕಸ್ತೂರಿಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತರು.

"ಇಪ್ಪತ್ತಾರು ವರ್ಷ," ಎಂದರು. "ಇಪ್ಪತ್ತಾರು ವರ್ಷದಲ್ಲಿ ಒಬ್ಬ ಮೇಲ್ವಿಚಾರಕ ನನಗೊಂದು ಹೂವಿನ ಕಡ್ಡಿ ಕೊಟ್ಟಿಲ್ಲ ಕಣ್ರೇ!"

ಹೀಗೆಂದವರೇ ಅವನನ್ನು ಅಪ್ಪಿಕೊಂಡರು. ಡೆಲ್ಫೀನನ ಪಕ್ಕೆಲುಬು ಎಲ್ಲಿಯೋ ಲಟಕ್ಕೆಂದಿತು. ಹೆಂಗಸರು ಚಪ್ಪಾಳೆ ತಟ್ಟಿದರು, ಯಾರೋ ಅವನ ತಲೆಯ ಮೇಲೆ ಬಣ್ಣದ ಕಾಗದದ ಚೂರು ಸುರಿದರು.

"ಇವತ್ತಿನಿಂದ ನೀನು ನನ್ನ ಕೊಂಪಾದ್ರೆ, ನಾನು ನಿನ್ನ ಕೊಮಾದ್ರೆ! ನಮ್ಮಿಬ್ಬರ ಮಧ್ಯೆ ಒಂದು ಗಟ್ಟಿ ಮಾತು ಬರಕೂಡದು, ತಿಳೀತಾ? ಬಂತೋ, ಮೇಲಿರೋ ದೇವರು ನೋಡ್ಕೋತಾನೆ. ಏನೋ ಹೇಳ್ತಿದ್ದೆಯಲ್ಲ, ಏನದು?"

ಡೆಲ್ಫೀನ್ ಬಾಯಿ ತೆರೆದ. ಬಾಯೊಳಗೆ ಒಂದು ಕಾಗದದ ಚೂರು ಹೋಗಿತ್ತು.

"ನಿಮ್ಮ ರೊಸ್ಕೇತೆ ಬಹಳ ಚೆನ್ನಾಗಿರುತ್ತೆ," ಎಂದ.

ಹೀಗೆ ಎರಡು ಸಿಹಿಯೂ ಮುಗಿದವು, ನಡುವಿನ ಕಹಿ ಹಾಗೇ ಉಳಿಯಿತು. ಮಧ್ಯಾಹ್ನ ಕಾರ್ಖಾನೆ ಮುಚ್ಚಿ ಎಲ್ಲರೂ ಮೆರವಣಿಗೆಗೆ ಹೋದರು. ದೋನ್ಯಾ ಸೆರಾಪಿಯಾ ಆ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಚೌಕದ ತುಂಬ ಕುಣಿದರು, ಸಿಕ್ಕವರಿಗೆಲ್ಲ ತನ್ನ ಕೊಂಪಾದ್ರೆಯ ಹೆಸರು ಹೇಳಿದರು. ಡೆಲ್ಫೀನ್ ಮನೆಗೆ ಹೋಗಿ ಸೋಫಾದ ಮೇಲೆ ಮಲಗಿ ಮುಖದ ಮೇಲೆ ನೋಟ್‌ಬುಕ್ ಮುಚ್ಚಿಕೊಂಡ. ವಿಷಯ ತಿಳಿದ ನಿಯೇವೆಸ್ ಒಂದೇ ಮಾತು ಕೇಳಿದಳು, "ಹುಲಿ ಬಾಯಿಗೆ ಬೀಗ ಹಾಕ್ಬೇಕು ಅಂತ ಹೋಗಿ ನಿನ್ನ ಬಾಯಿಗೇ ಹಾಕ್ಕೊಂಡು ಬಂದ್ಯಲ್ಲೋ?"

ಇನ್ನು ಗೇಟಿನ ತೊರೀಬಿಯೊ. ಬುಧವಾರ ಅವನು ಕಚೇರಿಯ ಕಿಟಕಿಯ ಕೆಳಗೆ ಹೂಕುಂಡಕ್ಕೆ ನೀರು ಹಾಕುತ್ತಿದ್ದ. ‘ಶುಕ್ರವಾರದೊಳಗೆ ಇಳಿಸಿರಬೇಕು’ ಎಂಬುದಷ್ಟೇ ಅವನಿಗೆ ಕೇಳಿಸಿತ್ತು, ಯಾರನ್ನು ಎಂಬುದು ಕೇಳಿಸಿರಲಿಲ್ಲ. ಗುರುವಾರ ಬುಟ್ಟಿ ನೋಡಿದ ಮೇಲೆ ಅವನಿಗೆ ಎಲ್ಲ ಅರ್ಥವಾಗಿಹೋಯಿತು. ಕೆಲಸದಿಂದ ತೆಗೆಯುವವರ ಪಟ್ಟಿ ಒಂದಿದೆ. ಡೆಲ್ಫೀನನೇ ಅದನ್ನು ಬರೆಯುತ್ತಿದ್ದಾನೆ. ತೆಗೆಯಬಾರದು ಅನ್ನಿಸಿದವರನ್ನು ಕೊಮಾದ್ರೆ ಮಾಡಿಕೊಂಡು ಉಳಿಸುತ್ತಿದ್ದಾನೆ, ಯಾಕೆಂದರೆ ಕೊಮಾದ್ರೆಯನ್ನು ಕೆಲಸದಿಂದ ತೆಗೆದವನು ತರೀಹಾದಲ್ಲಿ ಬದುಕುವುದುಂಟೆ! ಮೆರವಣಿಗೆಯಲ್ಲಿ ಸಿಕ್ಕವರಿಗೆಲ್ಲ ಅವನು ಇದನ್ನು ಹೇಳುತ್ತಾ ಹೋದ. ಶುರುವಿನಲ್ಲಿ ಅವನ ಪಟ್ಟಿಯಲ್ಲಿ ಐದು ಹೆಸರಿದ್ದವು. ಚೌಕ ದಾಟುವಷ್ಟರಲ್ಲಿ ಹದಿಮೂರಾದವು. ಮೆರವಣಿಗೆ ಮುಗಿಯುವ ಹೊತ್ತಿಗೆ ಅವನ ಪಟ್ಟಿಯಲ್ಲಿ ಅವನದೇ ಹೆಸರು ಬಂದು, ಅವನೇ ಅಳುತ್ತಾ ಮನೆಗೆ ಹೋದ.

ಶುಕ್ರವಾರ ಬೆಳಿಗ್ಗೆ ಡೆಲ್ಫೀನ್ ತನ್ನ ಮೇಜಿನ ಹತ್ತಿರ ಬಂದಾಗ ಮೇಜು ಕಾಣಲಿಲ್ಲ. ಅದರ ಮೇಲೆ, ಕೆಳಗೆ, ಸುತ್ತಲೂ ಬುಟ್ಟಿಗಳಿದ್ದವು. ಹಬ್ಬ ನಿನ್ನೆಗೇ ಮುಗಿದಿದ್ದರೂ ಹೆದರಿದವರಿಗೆ ದಿನದ ಪರಿವೆ ಇರಲಿಲ್ಲ. ಪಾಕದ ವಿಭಾಗದ ಇಲ್ದಾ ಎಲ್ಲರಿಗಿಂತ ಮುಂದೆ ನಿಂತಿದ್ದಳು.

"ತಗೊಳ್ಳಿ ಕೊಂಪಾದ್ರೆ."

"ನಾನಿನ್ನೂ ಒಪ್ಪಿಲ್ಲಮ್ಮ."

"ಕೈ ತಾಗ್ತಲ್ಲ, ಆಯ್ತು!" ಎಂದು ಇಲ್ದಾ ಬುಟ್ಟಿಯನ್ನು ಅವನ ಬೆರಳಿಗೆ ಒತ್ತಿದಳು. ಆಮೇಲೆ ದನಿ ತಗ್ಗಿಸಿ, "ಆ ವೆನಿಲ್ಲಾ ಬಾಟ್ಲಿ ವಿಷಯ ಅಲ್ವಾ? ಒಂದೇ ಒಂದು ಸಲ ಕೊಂಪಾದ್ರೆ. ಮಗಳ ಹುಟ್ಟುಹಬ್ಬ ಇತ್ತು."

ಯಾವ ಬಾಟ್ಲಿ ಎಂದು ಡೆಲ್ಫೀನ್ ಕೇಳುವಷ್ಟರಲ್ಲಿ ಹಿಂದಿನವಳು ಮುಂದೆ ಬಂದಳು. ಅವಳು ದಿನಾ ಎರಡು ಗಂಟೆಯಿಂದ ಎರಡೂ ಇಪ್ಪತ್ತರವರೆಗೆ ಹಿಟ್ಟಿನ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದಳಂತೆ. ಅವಳ ಹಿಂದಿನವಳು ಯಜಮಾನರ ನಡಿಗೆಯನ್ನು ಅಣಕಿಸುತ್ತಿದ್ದಳಂತೆ, ಅಲ್ಲೇ ನಡೆದು ತೋರಿಸಿಯೂ ಬಿಟ್ಟಳು. ಪ್ರತಿಯೊಬ್ಬಳೂ ಬುಟ್ಟಿ ಇಟ್ಟು, ತಪ್ಪು ಒಪ್ಪಿಕೊಂಡು, ಕಣ್ಣೊರೆಸಿಕೊಂಡು ಹೋದಳು. ಡೆಲ್ಫೀನ್ ಅವರಿಗಿಂತ ಹೆಚ್ಚು ಹೆದರಿ ಎಲ್ಲರಿಗೂ, "ಏನೂ ಆಗಲ್ಲ, ಏನೂ ಆಗಲ್ಲ," ಎನ್ನುತ್ತಿದ್ದ. ಹಾಗಂದರೆ ಏನೋ ದೊಡ್ಡದೇ ಆಗುತ್ತದೆ ಎಂದು ಅವರಿಗೆ ಖಾತ್ರಿಯಾಯಿತು.

ಕೊನೆಗೆ ಬಂದವನು ಮೆಕ್ಯಾನಿಕ್ ಫ್ರೊಯ್ಲಾನ್. ಮಾರುಕಟ್ಟೆಯಲ್ಲಿ ಹಣ್ಣಿನ ಬುಟ್ಟಿ ಖಾಲಿಯಾಗಿದ್ದರಿಂದ ಅವನು ತನ್ನ ಬುಟ್ಟಿಯಲ್ಲಿ ಜೀವಂತ ಕೋಳಿ ತಂದಿದ್ದ.

"ಫ್ರೊಯ್ಲಾನ್, ನೀನು ಗಂಡಸು ಕಣಯ್ಯ. ಇದು ಹೆಂಗಸರ ಹಬ್ಬ."

"ಮನೇಲಿ ನಾಲ್ಕು ಮಕ್ಕಳಿವೆ ದೋನ್ ಡೆಲ್ಫೀನ್. ಈ ವರ್ಷ ನನ್ನನ್ನೂ ಹೆಂಗಸರ ಲೆಕ್ಕಕ್ಕೆ ಹಾಕ್ಕೊಳ್ಳಿ." ಅವನು ಕೋಳಿಯನ್ನು ಕೆಳಗಿಟ್ಟು ಕಿವಿಯ ಹತ್ತಿರ ಬಾಗಿದ. "ರೋಲರ್ ಮುಂದೆ ಕಬ್ಬಿಣದ ಜಾಲರಿ ಇತ್ತಲ್ಲ, ಕೈ ಒಳಗೆ ಹೋಗದ ಹಾಗೆ ತಡಿಯೋದು? ಹನ್ನೊಂದು ವರ್ಷದ ಹಿಂದೆ ಅದನ್ನ ಬಿಚ್ಚಿದ್ದು ನಾನೇ. ಅದಿದ್ರೆ ಕೆಲಸ ನಿಧಾನ ಆಗುತ್ತೆ, ತೆಗಿ ಅಂತ ಯಜಮಾನ್ರು ಹೇಳಿದ್ರು."

"ಈಗ ಎಲ್ಲಿದೆ ಅದು?"

"ಯಜಮಾನ್ರ ಮನೇಲಿ. ಕೋಳಿಗೂಡಿನ ಬಾಗಿಲಾಗಿದೆ."

ಇಷ್ಟು ಹೊತ್ತಿಗೆ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಬಂದಿಳಿದ. ಹದಿಮೂರು ಜನರನ್ನು ಒಂದೇ ದಿನ ಬೀದಿಗೆ ತಳ್ಳುತ್ತಿದ್ದಾರೆಂದು ತೊರೀಬಿಯೊನ ಅತ್ತಿಗೆ ಫೋನ್ ಮಾಡಿದ್ದಳಂತೆ. ಬಡಕಲು ಮನುಷ್ಯ, ಮೈಗೆ ದೊಡ್ಡದಾದ ಕೋಟು. ಹಿಟ್ಟಿನ ಮೂಟೆಗಳನ್ನು ಆಳೆತ್ತರ ಪೇರಿಸಿದ್ದ ಕಡೆ ಮೇಲಿನ ಮೂಟೆಯ ಮೇಲೆ ತನ್ನ ಟೋಪಿ ಇಟ್ಟು, ಪಕ್ಕಕ್ಕೆ ಸರಿದು ನಿಂತು, ಒಂದು ಸರ್ಕಾರಿ ನಮೂನೆಯ ಹಾಳೆ ತೆರೆದ.

"ಎಷ್ಟು ಜನರನ್ನ ತೆಗೀತಿದ್ದೀರಿ?"

"ಒಬ್ಬರನ್ನೂ ಇಲ್ಲ ಸ್ವಾಮಿ."

"ಮತ್ತೆ ಈ ಬುಟ್ಟಿಗಳು? ಲಂಚವಾ?"

"ಅಯ್ಯೋ, ಇವರೆಲ್ಲ ನನ್ನ ಕೊಮಾದ್ರೆಗಳು."

"ಹದಿಮೂರೂ ಜನ?"

"ಹದಿನಾಲ್ಕು. ಫ್ರೊಯ್ಲಾನ್ ಸೇರಿದರೆ ಹದಿನೈದು."

ಇನ್ಸ್‌ಪೆಕ್ಟರ್ ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದರಲ್ಲಿ ಅದಕ್ಕೆ ಜಾಗ ಇಲ್ಲ. ನೋಡಿ ಇವರೇ, ಬುಧವಾರ ನಿಮ್ಮ ಯಜಮಾನರು ನಿಮಗೆ ಏನೋ ಆಜ್ಞೆ ಕೊಟ್ಟರು. ಏನದು? ಎಲ್ಲರ ಮುಂದೆ ಹೇಳಿ, ಬರ್ಕೋತೀನಿ."

ಹದಿಮೂರು ಹೆಂಗಸರು ಡೆಲ್ಫೀನನನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಗುಂಪು ಎರಡು ಪಾಲಾಯಿತು. ದೋನ್ಯಾ ಸೆರಾಪಿಯಾ ಬಂದರು. ನಿನ್ನೆ ಸಿಕ್ಕ ಮರ್ಯಾದೆಗೆಂದು ಇವತ್ತೂ ಉದ್ದನೆಯ ಕುಚ್ಚಿನ ಹಬ್ಬದ ಶಾಲು ಹೊದ್ದಿದ್ದರು.

"ಯಾವನವನು ನನ್ನ ಕೊಂಪಾದ್ರೆನ ಗೋಳು ಹೊಯ್ಕೋತಿರೋದು?"

ನೇರವಾಗಿ ನಡೆದು ಬಂದು, ಟೋಪಿ ಇಟ್ಟಿದ್ದ ಮೂಟೆಯ ಮುಂದೆ ನಿಂತು, ಅದರ ಮೂಗಿರಬೇಕಾದ ಜಾಗಕ್ಕೆ ಬೆರಳು ಹಿಡಿದರು.

"ಏನ್ ಸ್ವಾಮಿ, ಟೋಪಿ ಹಾಕ್ಕೊಂಡು ಬಂದ್ಬಿಟ್ರೆ ದೊಡ್ಡ ಮನುಷ್ಯರಾಗ್ಬಿಟ್ರಾ? ಇಡೀ ಊರಲ್ಲಿ ಬಡವರಿಗೆ ಬುಟ್ಟಿ ಕೊಟ್ಟ ಮೇಲ್ವಿಚಾರಕ ಇವನೊಬ್ಬನೇ. ಇವನ ಮೇಲೆ ಒಂದು ಅಕ್ಷರ ಬರೆದ್ರೆ ನೋಡಿ! ಯಾಕೆ, ಬಾಯಿ ಬಿಡಿ! ಬಾಯಿ ತುಂಬ ಹಿಟ್ಟು ತುಂಬ್ಕೊಂಡಿದ್ದೀರಾ?"

ಬೇರೆ ದಿನವಾಗಿದ್ದರೆ ಇದಕ್ಕೆ ಇಡೀ ಕಾರ್ಖಾನೆ ಬಿದ್ದು ಬಿದ್ದು ನಗಬೇಕಿತ್ತು. ಒಬ್ಬರೂ ನಗಲಿಲ್ಲ. ಇನ್ಸ್‌ಪೆಕ್ಟರ್ ಮೂರು ಮಾರು ಆಚೆ ಬಾಯಿ ತೆರೆದು ನಿಂತಿದ್ದ. ಇಲ್ದಾ ಅವನ ತೋಳು ಚಿವುಟಿದಳು, ‘ಅಲ್ಲಿಗೆ ಹೋಗಿ ನಿಲ್ಲಿ’ ಎಂದು ಕಣ್ಣಲ್ಲೇ ಬೇಡಿದಳು. ಅವನಿಗೆ ಅದು ತಿಳಿಯಲಿಲ್ಲ.

"ಅಮ್ಮಾ, ನಾನು ಇಲ್ಲಿದ್ದೀನಿ," ಎಂದ.

ದೋನ್ಯಾ ಸೆರಾಪಿಯಾ ಅವರ ಬೆರಳು ಗಾಳಿಯಲ್ಲೇ ನಿಂತಿತು. ಆ ಕೈ ಮೆಲ್ಲಗೆ ಇಳಿದು ಏಪ್ರನ್ನಿನ ತುದಿಯನ್ನು ಹುಡುಕಿ ಹಿಡಿದುಕೊಂಡಿದ್ದು ಡೆಲ್ಫೀನನಿಗೆ ಕಾಣಿಸಿತು. ಒಂದು ಕ್ಷಣ, ಅಷ್ಟೇ. ಆಮೇಲೆ ಆಕೆ ಮೊದಲಿಗಿಂತ ಜೋರಾಗಿ ಕೂಗಿದರು.

"ಸಾಕು ಮಾತು! ಕೆಲಸ ಮಾಡೋರಿಗೆ ಇಲ್ಲಿ ಯಾರ ಭಯಾನೂ ಇಲ್ಲ ಅಂತ ತೋರಿಸ್ತೀನಿ!"

ಆಕೆ ರೋಲರ್ ಹತ್ತಿರ ಹೋಗಿ ಗುಂಡಿ ಒತ್ತಿದರು. ಉರುಳೆಗಳು ತಿರುಗಿದವು. ಹಿಟ್ಟಿನ ಮುದ್ದೆ ಎತ್ತಿ ಮುಂದಕ್ಕೆ ಬಾಗಿದರು. ಶಾಲಿನ ಕುಚ್ಚು ಜೋತುಬಿದ್ದು ಉರುಳೆಯ ಮೇಲೆ ಆಡಿತು, ಒಂದು ಎಳೆ ಒಳಗೆ ಹೋಯಿತು. ಆಕೆಗೆ ಅದು ಕಾಣಲಿಲ್ಲ.

ಡೆಲ್ಫೀನ್ ಗರೇಕಾ ಓಡಿದ. ತನ್ನದೇ ಬುಟ್ಟಿಗಳನ್ನು ಎಡವಿದ, ಪೀಚ್ ಹಣ್ಣಿನ ಮೇಲೆ ಕಾಲಿಟ್ಟು ಬಿದ್ದ, ಬಿದ್ದಲ್ಲಿ ಫ್ರೊಯ್ಲಾನನ ಕೋಳಿ ಅವನ ಮುಖದ ಮೇಲೆಯೇ ಹಾರಿಹೋಯಿತು. ಏಳಲು ಪುರುಸೊತ್ತಿಲ್ಲದೆ ಅಂಬೆಗಾಲಲ್ಲೇ ಗೋಡೆಯ ತನಕ ಹೋಗಿ, ಮೇನ್ ಸ್ವಿಚ್ಚಿನ ಹಿಡಿಗೆ ಜೋತುಬಿದ್ದ. ಇಡೀ ಕಾರ್ಖಾನೆ ನಿಂತಿತು. ದೀಪ ಆರಿದವು, ಒಲೆಯ ಫ್ಯಾನು ನಿಂತಿತು. ಶಾಲು ಅರ್ಧದಷ್ಟು ಉರುಳೆಯೊಳಗೆ ಹೋಗಿತ್ತು. ಕೈಗೂ ಕಬ್ಬಿಣಕ್ಕೂ ನಡುವೆ ನಾಲ್ಕು ಬೆರಳಿನ ಜಾಗ ಉಳಿದಿತ್ತು.

"ನಿಮಗೆ ಕಣ್ಣು ಕಾಣಲ್ಲ!" ಎಂದು ಡೆಲ್ಫೀನ್ ಕಿರುಚಿದ. ಅವನ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. "ನಿಮಗೆ ಕಣ್ಣು ಕಾಣಲ್ಲ ಕೊಮಾದ್ರೆ! ಮೂರು ದಿನದಿಂದ ಹೇಳ್ಬೇಕು ಅಂತ ಸಾಯ್ತಾ ಇದ್ದೀನಿ! ಈ ಮಿಷನ್ ನಿಮ್ಮ ಕೈ ತಿಂದುಹಾಕುತ್ತೆ. ನೀವಿದನ್ನ ಬಿಡ್ಬೇಕು. ಬೇಕಾದ್ರೆ ನನಗೆ ತಟ್ಟೆ ತಗೊಂಡು ಹೊಡೀರಿ!"

ಹೇಳಿದವನೇ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ದೋನ್ಯಾ ಸೆರಾಪಿಯಾ ಶಾಲನ್ನು ಹೆಗಲಿನಿಂದ ಜಾರಿಸಿ, ಅದು ಉರುಳೆಯಲ್ಲಿ ಸಿಕ್ಕಿಕೊಂಡಿದ್ದನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದರು. ಎಳೆ ಎಳೆಯಾಗಿ ಮುಟ್ಟಿ, ಕಬ್ಬಿಣದ ತನಕ ಹೋಗಿ, ನಿಂತರು.

"ಎಲ್ಲರಿಗೂ ಗೊತ್ತಿತ್ತಾ?" ಎಂದು ಕೇಳಿದರು.

ಎಲ್ಲರಿಗೂ ಗೊತ್ತಿತ್ತು. ಎರಡು ವರ್ಷದಿಂದ ಇಲ್ದಾ ಆಕೆಯ ತಟ್ಟೆಯನ್ನು ಸರಿಯಾಗಿ ಬಲಗೈ ಹತ್ತಿರ ಇಡುತ್ತಿದ್ದಳು. ತೊರೀಬಿಯೊ ಗೇಟಿನಲ್ಲಿ ಬೇಕೆಂದೇ ತನ್ನ ಹೆಸರು ಹೇಳಿ ನಮಸ್ಕಾರ ಮಾಡುತ್ತಿದ್ದ. ಬೇರೆಯವರು ದಾರಿಯಲ್ಲಿ ಬಿದ್ದದ್ದನ್ನು ಸದ್ದಿಲ್ಲದೆ ಎತ್ತಿಡುತ್ತಿದ್ದರು. ಆಕೆಯ ಕಣ್ಣಿನ ಕೆಲಸವನ್ನು ಎಲ್ಲರೂ ಹಂಚಿಕೊಂಡಿದ್ದರು. ಆಕೆಗೆ ಹೇಳುವ ಕೆಲಸವನ್ನು ಮಾತ್ರ ಒಬ್ಬರೂ ತೆಗೆದುಕೊಂಡಿರಲಿಲ್ಲ.

"ಮೊಮ್ಮಗಳು ಬಾಗಿಲಲ್ಲಿ ನಿಂತ್ರೆ ಯಾರು ಅಂತ ತಿಳಿಯೋದಿಲ್ಲ," ಎಂದರು ದೋನ್ಯಾ ಸೆರಾಪಿಯಾ. ಆ ದೊಡ್ಡ ಗಂಟಲು ಅಷ್ಟು ಸಣ್ಣಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಮಾತಾಡಿದ್ರೆ ತಿಳಿಯುತ್ತೆ. ದಿನಾ ಬೆಳಿಗ್ಗೆ ಈ ಮಿಷನ್ ಮುಂದೆ ಬಂದು ನಿಲ್ಲುವಾಗ ಭಯ, ಇವತ್ತು ಕೈ ಹೋಗುತ್ತಾ ಅಂತ. ಹೇಳಿದ್ರೆ ಕಳಿಸ್ಬಿಡ್ತಾರೆ ಅಂತ ಅದಕ್ಕಿಂತ ಭಯ. ಬೈದು ಬೈದು ಎಲ್ಲರನ್ನೂ ದೂರ ಇಟ್ಟೆ, ಹತ್ರ ಬಂದ್ರೆ ಗೊತ್ತಾಗುತ್ತಲ್ಲ."

ಡೆಲ್ಫೀನ್ ನೆಲದ ಮೇಲೆ ಹಣ್ಣಿನ ರಸದಲ್ಲಿ ಕೂತೇ ಅತ್ತ. ತಾನು ಮೂರು ದಿನ ಯಾರಿಗೆ ಹೆದರಿ ನಡುಗಿದ್ದನೋ ಆಕೆ ಎರಡು ವರ್ಷದಿಂದ ಹಾಗೇ ನಡುಗುತ್ತಿದ್ದರು ಎಂಬುದು ಅವನಿಗೆ ತಡೆಯಲಾಗಲಿಲ್ಲ.

"ಏಳು ಕೊಂಪಾದ್ರೆ. ಇದನ್ನ ಹೇಳು ಅಂತ ನಿನಗೆ ಹೇಳಿದ್ದು ಯಾರು?"

"ಯಜಮಾನ್ರು. ಹೇಳದಿದ್ರೆ ವಾಪಸ್ಸು ಮೂಟೆ ಹೊರೋಕೆ ಹೋಗು ಅಂದ್ರು."

"ಆ ಜಾಲರಿ ಇದ್ದಿದ್ರೆ ಶಾಲು ಹೋಗ್ತಿತ್ತಾ?"

"ಇಲ್ಲ," ಎಂದ ಫ್ರೊಯ್ಲಾನ್ ಹಿಂದಿನಿಂದ, ಕೋಳಿಯನ್ನು ಕಂಕುಳಲ್ಲಿ ಅವಚಿಕೊಂಡು. "ಅದೂ ಯಜಮಾನ್ರೇ ತೆಗೆಸಿದ್ದು. ಈಗ ಅವರ ಕೋಳಿಗೂಡಿನ ಬಾಗಿಲಾಗಿದೆ."

ದೋನ್ಯಾ ಸೆರಾಪಿಯಾ ಮುಖ ಒರೆಸಿಕೊಂಡರು, ಏಪ್ರನ್ ಬಿಗಿದು ಕಟ್ಟಿಕೊಂಡರು. ನೋಡನೋಡುತ್ತ ಗಂಟಲು ಮೊದಲಿನ ಗಾತ್ರಕ್ಕೆ ಬಂತು.

"ಅಬ್ದೋನ್ ಸಣ್ಣ ಹುಡುಗ ಆಗಿದ್ದಾಗ ಅವನ ಮೂಗು ಒರೆಸಿದ್ದು ಈ ಕೈ. ಅವನಿಗೆ ನನ್ನ ಹತ್ರ ಒಂದು ಮಾತಾಡೋಕೆ ಧೈರ್ಯ ಇಲ್ವಂತೆ, ನಿನ್ನ ಬಾಯಲ್ಲಿ ಆಡಿಸ್ತಾನಂತೆ! ನಡಿ ಮೇಲೆ."

"ನಾನಾ?" ಎಂದ ಡೆಲ್ಫೀನ್. "ನಾನ್ಯಾಕೆ ಕೊಮಾದ್ರೆ?"

"ಕಣ್ಣು ಕಾಣಲ್ಲ ಅಂದೋನು ನೀನೇ ತಾನೆ? ದಾರಿ ತೋರಿಸು."

ಆಕೆ ಅವನ ತೋಳು ಹಿಡಿದರು. ಹೀಗೆ ಮೆಟ್ಟಿಲು ಹತ್ತಿದ್ದು, ಮುಂದೆ ನಡುಗುವ ಡೆಲ್ಫೀನ್, ಅವನ ತೋಳಿಗೆ ದೋನ್ಯಾ ಸೆರಾಪಿಯಾ, ಹಿಂದೆ ಹದಿಮೂರು ಹೆಂಗಸರು, ಕೋಳಿ ಸಮೇತ ಫ್ರೊಯ್ಲಾನ್, ಎಲ್ಲರಿಗಿಂತ ಹಿಂದೆ ಪೆನ್ನು ತೆರೆದುಕೊಂಡ ಇನ್ಸ್‌ಪೆಕ್ಟರ್. ಕಚೇರಿಯ ಬಾಗಿಲು ಒಳಗಿನಿಂದ ಹಾಕಿತ್ತು. ದೋನ್ಯಾ ಸೆರಾಪಿಯಾ ಮುಷ್ಟಿಯಿಂದ ಮೂರು ಸಲ ಬಡಿದರು.

ಒಳಗೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ದೋನ್ ಅಬ್ದೋನರದೇ ದನಿ, ಆದರೆ ತುಸು ತೆಳ್ಳಗೆ.

"ಯಜಮಾನ್ರು ಊರಲ್ಲಿಲ್ಲ!"

"ಪರವಾಗಿಲ್ಲ, ಬಂದ ಮೇಲೆ ಹೇಳು," ಎಂದು ದೋನ್ಯಾ ಸೆರಾಪಿಯಾ ಬಾಗಿಲಿಗೆ ಬಾಯಿ ಹಚ್ಚಿದರು. "ಒಂದು, ಕೋಳಿಗೂಡಿನ ಬಾಗಿಲು ಇವತ್ತು ಸಂಜೆಗೆ ರೋಲರ್ ಮುಂದೆ ಇರ್ಬೇಕು. ಎರಡು, ಆ ಮಿಷನ್ ಕೆಲಸ ನಾನು ಬಿಟ್ಟೆ. ಹಿಟ್ಟು ಹದ ಬಂತೋ ಇಲ್ವೋ ಅಂತ ಮುಟ್ಟಿ ಹೇಳೋದು ಇನ್ನು ನನ್ನ ಕೆಲಸ. ಅದಕ್ಕೆ ಕಣ್ಣು ಬೇಡ, ಬೆರಳು ಬೇಕು. ಹತ್ತೂ ಇವೆ. ಮೂರು, ನನ್ನ ಸಂಬಳದಲ್ಲಿ ಒಂದು ಬೊಲಿವಿಯಾನೊ ಕಮ್ಮಿ ಆಗಕೂಡದು. ನಾಲ್ಕು, ಈ ಡೆಲ್ಫೀನ್ ಮೂಟೆ ಹೊರೋಕೆ ಹೋಗಲ್ಲ. ಕೇಳಿಸ್ತಾ?"

ಡೆಲ್ಫೀನನ ತೋಳಿನ ಮೇಲಿದ್ದ ಕೈ ಬಿಗಿಯಾಯಿತು. ಆ ಕೈಯೂ ನಡುಗುತ್ತಿದೆ ಎಂದು ಅವನಿಗೊಬ್ಬನಿಗೇ ಗೊತ್ತಾಯಿತು, ಅವನು ಅದರ ಮೇಲೆ ತನ್ನ ಕೈ ಇಟ್ಟ.

ಬಹಳ ಹೊತ್ತಾದ ಮೇಲೆ ಬಾಗಿಲ ಕೆಳಗಿನ ಸಂದಿಯಿಂದ ಒಂದು ಚೀಟಿ ಮೆಲ್ಲಗೆ ಹೊರಗೆ ಬಂತು.

"ಏನೋ ಬಿತ್ತಲ್ಲ, ಏನು ಕೊಂಪಾದ್ರೆ?" ಎಂದರು ದೋನ್ಯಾ ಸೆರಾಪಿಯಾ. "ಓದು."

ಡೆಲ್ಫೀನ್ ಬಾಗಿ ಚೀಟಿ ಎತ್ತಿಕೊಂಡ. ಅಕ್ಷರಗಳು ಅಂಕುಡೊಂಕಾಗಿದ್ದವು. ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ, ಒಂದು ಚೂರೂ ತೊದಲದೆ ಓದಿದ:

"‘ಯಜಮಾನರು ಊರಲ್ಲಿಲ್ಲ. ಬಂದ ಕೂಡಲೇ ನಾಲ್ಕಕ್ಕೂ ಒಪ್ಪುತ್ತಾರೆ.’"